ತಿತಿಮತಿ ದಾಟಿದರೆ ಕೆಡುವ ಎ.ಸಿ.

ಮೂರು ವರ್ಷದ ಹಿಂದಿನ ಏಪ್ರಿಲ್. ಆಗ ನಾನು ಗೋಣಿಕೊಪ್ಪಲಿನಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುತ್ತಿದ್ದೆ. ಈಗಲೂ ಮಾಡುತ್ತೇನೆ, ಸೊಂಟ ಒಪ್ಪಿದಷ್ಟು. ಕೊಡಗಿನಲ್ಲಿ ಎ.ಸಿ. ರಿಪೇರಿಯೇ ಎಂದು ನಗುವವರಿದ್ದಾರೆ, ನಗಲಿ. ಇಲ್ಲಿಯವರು ವರ್ಷದ ಬಹುಪಾಲು ಗಾಜು ಇಳಿಸಿಕೊಂಡೇ ಓಡಾಡುತ್ತಾರೆ. ಮೈಸೂರಿಗೆ ಹೊರಟ ದಿನ ಅವರಿಗೆ ಎ.ಸಿ. ನೆನಪಾಗುತ್ತದೆ. ಅದು ತಣ್ಣಗಾಗದಿದ್ದರೆ ಮರುದಿನ ನಾನು ನೆನಪಾಗುತ್ತೇನೆ.

ಆ ತಿಂಗಳು ಒಂದು ಬಿಳಿ ಕಾರು ನನ್ನ ಜೀವ ಹಿಂಡಿತು. ಕಾರಿನವರು ಸುಮಾ, ಅಮ್ಮತ್ತಿ ಕಡೆಯ ಟೀಚರ್. ಅವರ ದೂರು ಒಂದೇ: ಊರಲ್ಲಿ ಎ.ಸಿ. ಚೆನ್ನಾಗಿರುತ್ತದೆ, ತಿತಿಮತಿಯ ಕಾಡು ದಾಟಿ ಹುಣಸೂರಿನ ಬಯಲಿಗೆ ಇಳಿದ ಮೇಲೆ ಬರೀ ಬಿಸಿಗಾಳಿ. ಮೊದಲ ಸಲ ಗೇಜ್ ಹಾಕಿ ಗ್ಯಾಸಿನ ಒತ್ತಡ ನೋಡಿದೆ, ಸರಿಯಿತ್ತು. ಲೀಕ್ ಇರಲಿಲ್ಲ. ಎರಡನೆಯ ಸಲ ಕಂಡೆನ್ಸರ್ ಫ್ಯಾನಿಗೆ ಕರೆಂಟು ಕೊಡುವ ರಿಲೇ ಬದಲಾಯಿಸಿದೆ. ಬಿಸಿ ಹೊರಹಾಕುವ ಫ್ಯಾನ್ ಅದು, ಅದು ನಿಂತರೆ ತಂಪು ಬರುವುದಿಲ್ಲ. ಮೂರನೆಯ ಸಲ ಕಾರು ಬಂದಾಗ ಪಕ್ಕದ ಟಯರ್ ಅಂಗಡಿಯ ಬಶೀರ್, "ಬಂತು ಮಾರಾಯಾ, ನಿನ್ನ ಬಿಳಿ ದೆವ್ವ" ಎಂದ. ನಗುವ ಚೈತನ್ಯವೂ ನನಗಿರಲಿಲ್ಲ. ಎಂಜಿನ್ ಚಾಲೂ ಇಟ್ಟು ಎ.ಸಿ. ಗಾಳಿಗೆ ಥರ್ಮಾಮೀಟರ್ ಸಿಕ್ಕಿಸಿದೆ. ಏಳು ಡಿಗ್ರಿ. ಬೆಳಗ್ಗೆಯೆಲ್ಲಾ ಕಾದೆ, ಅದು ಜಪ್ಪಯ್ಯ ಎಂದರೂ ಏರಲಿಲ್ಲ.

"ಇಲ್ಲಿ ಸರಿ ಇದೆಯಲ್ಲ ಮೇಡಂ" ಎಂದೆ.

ಅವರು ರೇಗಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕುಳಿತರು. "ಎಲ್ಲಾ ಗ್ಯಾರೇಜಿನವರೂ ಹಿಂಗೇ ಅಂತಾರೆ ಗಿರೀಶಣ್ಣ. ನಮ್ಮನೆಯವರೂ ಅಂತಾರೆ. ಈಗೀಗ ನನಗೇ ಅನುಮಾನ, ನಾನೇ ಸುಳ್ಳು ಹೇಳ್ತಿದ್ದೀನಾ ಅಂತ."

ಆಮೇಲೆ ಮಗಳ ವಿಷಯ ಹೇಳಿದರು. ಇಂಚರಾಗೆ ಆರು ವರ್ಷ. ಹುಟ್ಟಿನಿಂದಲೇ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ, ಬಂದ ಹಲ್ಲುಗಳೂ ನಾಲ್ಕೇ. ಬೆವರದ ಮೈ ತಾನಾಗಿ ತಣಿಯುವುದಿಲ್ಲ, ಬಿಸಿಲಿಗೆ ಜ್ವರದಂತೆ ಕಾದುಬಿಡುತ್ತದೆ. ಮೈಸೂರಿನ ಡಾಕ್ಟರು ಹಲ್ಲಿನ ಸೆಟ್ಟು ಕೂರಿಸಲು ಅಳತೆ ತೆಗೆಯುತ್ತಿದ್ದರು. ಹಿಂದಿನ ತಿಂಗಳು ಅಲ್ಲಿಂದ ಮಧ್ಯಾಹ್ನ ಮರಳುವಾಗ ಎ.ಸಿ. ಕೈಕೊಟ್ಟು, ಮಗು ಕಣ್ಣು ಮೇಲೆ ಮಾಡಿ ಸೀಟಿನಲ್ಲೇ ಕುಸಿದಿತ್ತು. ಹುಣಸೂರಿನ ಆಸ್ಪತ್ರೆಯಲ್ಲಿ ಐಸ್ ಇಟ್ಟು ಉಳಿಸಿದರು. ಮಳೆ ಬರಲಿ, ಆಮೇಲೆ ಹೋದರಾಯಿತು ಎಂದು ಗಂಡ ಹೇಳುತ್ತಿದ್ದರು. ಆದರೆ ಜೂನ್‌ಗೆ ಒಂದನೇ ಕ್ಲಾಸು ಶುರು. ಹಲ್ಲಿಲ್ಲದೆ ಸ್ಕೂಲಿಗೆ ಹೋಗುವುದಿಲ್ಲ ಎಂದು ಮಗು ಹಟ ಹಿಡಿದಿತ್ತು. ಮುಂದಿನ ವಾರ ಹಲ್ಲು ಕೂರಿಸಲು ಡಾಕ್ಟರು ಬರಹೇಳಿದ್ದರು.

ನನಗೆ ಸಿಟ್ಟು ಬಂತು, ಆ ಕಾರಿನ ಮೇಲೆ. "ನಾಳೆ ಮಧ್ಯಾಹ್ನ ಬಿಸಿಲಲ್ಲೇ ಹೋಗೋಣ. ನೀವು ಓಡಿಸಿ, ನಾನು ಕೂತ್ಕೊಂಡು ನೋಡ್ತೀನಿ. ಮಗು ಮನೇಲಿರ್ಲಿ" ಎಂದೆ.

ಮರುದಿನ ಅಂಗಡಿ ಮುಚ್ಚಿ ಹೊರಟೆ. ಕಾಡು ಮುಗಿಯುವವರೆಗೂ ಎ.ಸಿ. ಮೊಂಡು ಹಿಡಿದು ತಣ್ಣಗೆ ಬೀಸಿತು. ಪಂಚವಳ್ಳಿ ದಾಟಿ, ಹೊಗೆಸೊಪ್ಪಿಗೆಂದು ಉತ್ತುಬಿಟ್ಟ ಕೆಂಪು ಹೊಲಗಳ ನಡುವೆ ರಸ್ತೆ ಕಾದ ಹೆಂಚಾಗಿತ್ತು. ಗಾಳಿ ಬೆಚ್ಚಗಾಯಿತು. ಥರ್ಮಾಮೀಟರಿನ ಅಂಕಿ ಏರುತ್ತಾ ಹೋಯಿತು.

"ಹೋಯ್ತು! ನೋಡಿ ಅಣ್ಣಾ, ಹೋಯ್ತು!" ಸುಮಾ ಕೂಗಿ ಕಾರು ಬದಿಗೆ ಹಾಕಿದರು. ಎ.ಸಿ. ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಅಳುತ್ತಿದ್ದರು. "ಈಗ್ಲಾದ್ರೂ ಒಬ್ರು ನೋಡಿದ್ರಲ್ಲ!"

ಎಂಜಿನ್ ನಿಲ್ಲಿಸಬೇಡಿ ಎಂದು ಹೇಳಿ ಬಾನೆಟ್ ಎತ್ತಿದೆ. ಗ್ಯಾಸನ್ನು ಒತ್ತುವ ಕಂಪ್ರೆಸರಿನ ಮುಂದೆ ಬೆಲ್ಟಿನಿಂದ ತಿರುಗುವ ಪುಲ್ಲಿ, ಅದರ ಎದುರು ಒಂದು ತಟ್ಟೆ ಇರುತ್ತವೆ. ಸ್ವಿಚ್ ಒತ್ತಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ತಟ್ಟೆಯನ್ನು ಪುಲ್ಲಿಗೆ ಅಂಟಿಸಿಕೊಳ್ಳುತ್ತದೆ. ಆಗಷ್ಟೇ ಕಂಪ್ರೆಸರ್ ಓಡುತ್ತದೆ. ಇದೇ ಕ್ಲಚ್. ಪುಲ್ಲಿ ತಿರುಗುತ್ತಿತ್ತು, ತಟ್ಟೆ ಸುಮ್ಮನೆ ನಿಂತಿತ್ತು. ಟೆಸ್ಟ್ ಲ್ಯಾಂಪ್ ಹಿಡಿದೆ, ಕರೆಂಟು ಬರುತ್ತಿತ್ತು. ಬೆಲ್ಟಿಗೆ ತಾಗದಂತೆ ಕೋಲಿನ ತುದಿಯಿಂದ ತಟ್ಟೆಯನ್ನು ಮೆಲ್ಲಗೆ ಒತ್ತಿದೆ. ಟಕ್ ಎಂದು ಅಂಟಿಕೊಂಡು ತಿರುಗತೊಡಗಿತು. ಒಳಗೆ ತಣ್ಣನೆಯ ಗಾಳಿ ಬಂತೆಂದು ಸುಮಾ ಕೂಗಿದರು.

ತಟ್ಟೆ ಸವೆದು ನಡುವಿನ ಸಂದು ಹೆಚ್ಚಾಗಿತ್ತು, ಅಷ್ಟೇ. ಕೊಡಗಿನ ತಂಪಿನಲ್ಲಿ ಕಾಯಿಲ್ ಹೇಗೋ ಎಳೆದುಕೊಳ್ಳುತ್ತಿತ್ತು. ಬಯಲಿನ ಸೆಕೆಗೆ ಕಾದಾಗ ಅದರ ಸೆಳೆತ ಕುಗ್ಗಿ ಸೋಲುತ್ತಿತ್ತು. ನನ್ನ ಅಂಗಡಿಯ ಮುಂದೆ ಅದು ಜನ್ಮದಲ್ಲಿ ಕೆಡುತ್ತಿರಲಿಲ್ಲ. ವಾಪಸ್ಸು ಬಂದು, ಸಂದು ಹೆಚ್ಚಿಸುವ ತೆಳು ವಾಷರೊಂದನ್ನು ತೆಗೆದು ಅಳತೆಗೆ ಕೂರಿಸಿದೆ. ಮರುದಿನ ಮತ್ತದೇ ಹೊತ್ತಿಗೆ, ಅದೇ ದಾರಿಯಲ್ಲಿ ಹುಣಸೂರಿನವರೆಗೆ ಹೋಗಿ ಬಂದೆವು. ಕೆಡಲಿಲ್ಲ. ಮನೆಗೆ ಬಂದವನು ಊಟವನ್ನೂ ಮಾಡದೆ ಮಲಗಿಬಿಟ್ಟೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಟ್ಟದ್ದನ್ನು ಅದು ಕೆಡುವ ಜಾಗದಲ್ಲೇ ನೋಡಬೇಕು. ನಮ್ಮ ಅನುಕೂಲದ ಜಾಗದಲ್ಲಿ ನಿಂತು ಇಲ್ಲಿ ಸರಿ ಇದೆ ಎನ್ನುವುದು ದೂರು ಹೇಳಿದವರನ್ನೇ ಸುಳ್ಳರನ್ನಾಗಿಸಿದಂತೆ. ಅಂದಿನಿಂದ ಯಾರಾದರೂ ಇಂಥ ಕಡೆ ಹೋದರೆ ಕೆಡುತ್ತದೆ ಎಂದರೆ ಮೈ ಮುರಿದುಕೊಂಡಾದರೂ ಅವರ ಜೊತೆ ಹೊರಡುತ್ತೇನೆ.

ಮುಂದಿನ ವಾರ ಒಂದು ಮಧ್ಯಾಹ್ನ ಸುಮಾ ಅವರ ಫೋನು ಬಂತು. ತಾಯಿ ಮಗಳು ಮೈಸೂರಿನಿಂದ ಮರಳುತ್ತಿದ್ದರು, ಗಂಡ ಕಾರು ಓಡಿಸುತ್ತಿದ್ದರು.

"ಎಲ್ಲಿದ್ದೀರಿ ಮೇಡಂ? ಏನಾಯ್ತು?"

"ಪಂಚವಳ್ಳಿ ಹತ್ರ ಅಣ್ಣ. ಸ್ವಲ್ಪ ಕೇಳಿಸ್ಕೊಳ್ಳಿ" ಎಂದರು ಸುಮಾ. ಫೋನನ್ನು ಹಿಂದಿನ ಸೀಟಿನತ್ತ ಚಾಚಿರಬೇಕು.

ಹೊಸ ಹಲ್ಲಿನ ನಡುವೆ ತೊದಲುತ್ತಾ ಒಂದು ಪುಟ್ಟ ದನಿ ಗೊಣಗುತ್ತಿತ್ತು: "ಅಪ್ಪಾ, ಕಮ್ಮಿ ಮಾಡಪ್ಪಾ. ನಂಗೆ ಚಳಿ."