ಬೇರೆ ಲಾರ್ಕ್‌ಹಿಲ್

ಸಾಂಗಲಿಯ ಅರಿಸಿನದ ಅಡತಿ ಅಂಗಡಿಯಲ್ಲಿ ಕಾರಕೂನನಾಗಿದ್ದ ಶ್ರೀಪಾಲ ಕೃಷ್ಣಾ ಹೊಳೆಗಿಂತ ದೊಡ್ಡ ನೀರು ಕಂಡವನಲ್ಲ. ಆ ಹೊಳೆಯನ್ನೂ ಹೆದರಿ ಕಣ್ಣು ಮುಚ್ಚಿಕೊಂಡೇ ದಾಟುತ್ತಿದ್ದ. ಆದರೆ ಹಡಗಿನ ಮಾತು ಬಂದರೆ ಪೇಟೆಗೆಲ್ಲ ಅವನೇ ತಜ್ಞ. ಇಂಗ್ಲಿಷಿನ ನಾಲ್ಕಕ್ಷರ ಕಲಿತವನಿಗೆ ಅಂಟುವ ರೋಗವದು.

ಅವನ ಮಾವಶಿ, ಎಂದರೆ ಚಿಕ್ಕಮ್ಮ, ರತ್ನಾಬಾಯಿಯ ಒಬ್ಬನೇ ಮಗ ಬಾಪೂ, ಲಾರ್ಕ್‌ಹಿಲ್ ಎಂಬ ಹಡಗಿನಲ್ಲಿ ಕಲ್ಲಿದ್ದಲಿನ ಲೆಕ್ಕ ಬರೆಯುತ್ತಿದ್ದ. ಐದು ಸಾವಿರದ ಇನ್ನೂರು ಟನ್ನು, ಮುನ್ನೂರೆಪ್ಪತ್ತು ಅಡಿ ಉದ್ದ, ಸರಕಿಗೆ ನಾಲ್ಕು ಕೋಣೆ, ಒಂದು ಕರಿ ಹೊಗೆಕೊಳವೆ. ರಜೆಗೆ ಬಂದಾಗ ಅವನು ಹೇಳಿದ್ದನ್ನು ಶ್ರೀಪಾಲ ಬಾಯಿಪಾಠ ಮಾಡಿ, ಹಡಗನ್ನು ತಾನೇ ಕಟ್ಟಿಸಿದಂತೆ ಹೇಳಿಕೊಂಡು ತಿರುಗುತ್ತಿದ್ದ.

ಆ ವರ್ಷ ಕಲಕತ್ತೆಯಲ್ಲಿ ಕಲ್ಲಿದ್ದಲು ತುಂಬಿಕೊಂಡು ಮುಂಬಯಿಗೆ ಹೊರಟ ಲಾರ್ಕ್‌ಹಿಲ್, ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿ ಎದ್ದ ಮೇಲೆ ಯಾವ ಬಂದರಿನಲ್ಲೂ ಕಾಣಿಸಲಿಲ್ಲ. ರತ್ನಾಬಾಯಿ ಬಸದಿಗೆ ಹೋಗಿ, ಮಗ ನೆಲಕ್ಕೆ ಕಾಲಿಡುವ ತನಕ ತುಪ್ಪ ಮುಟ್ಟುವುದಿಲ್ಲವೆಂದು ಭಗವಂತನ ಮುಂದೆ ನೇಮ ಹಿಡಿದಳು. ಶ್ರೀಪಾಲ ದಿನಾ ಮುಂಜಾನೆ ಮಿರಜ ಸ್ಟೇಶನ್ನಿಗೆ ಹೋಗಿ, ರೈಲಿನಲ್ಲಿ ಬರುವ ಮುಂಬಯಿ ಪತ್ರಿಕೆಯಲ್ಲಿ ಬಂದರಿಗೆ ಬಂದ ಹಡಗುಗಳ ಹೆಸರು ಹುಡುಕತೊಡಗಿದ.

ಒಂದು ದಿನ ಹೆಸರು ಸಿಕ್ಕಿತು. ಮುಂದಿನದನ್ನು ಓದುವಷ್ಟು ತಾಳ್ಮೆ ತಜ್ಞನಿಗೆಲ್ಲಿ? ಪತ್ರಿಕೆ ಹಿಡಿದು ಸಾಂಗಲಿಗೆ ಓಡಿಬಂದ. ಹೋಳಿಗೆಯಾಯಿತು. ಮಾವಶಿಯ ತಟ್ಟೆಗೆ ಅವನೇ ತುಪ್ಪ ಸುರಿದ. ಅವಳು ಅಳುತ್ತ ಉಂಡಳು.

ನೆರೆಮನೆಯ ಬಸಲಿಂಗಪ್ಪ ಸುದ್ದಿ ಕೇಳಿ ಬಂದು, ಅದೇನು ಬರೆದಿದ್ದಾರೋ ಎಲ್ಲರಿಗೂ ಓದಿ ಹೇಳು ಎಂದ. ಶ್ರೀಪಾಲ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಲಾರ್ಕ್‌ಹಿಲ್, ಎರಡು ಸಾವಿರದ ನೂರು ಟನ್ನು, ರಂಗೂನಿನಿಂದ, ಅಕ್ಕಿ. ಅಲ್ಲಿಗೆ ದನಿ ನಿಂತಿತು.

"ಯಾಕಪಾ, ಇಂಗ್ಲಿಷ್ ತೀರಿತೇನು?" ಎಂದ ಬಸಲಿಂಗಪ್ಪ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆ ಶ್ರೀಪಾಲನಿಗೆ ಬಂದದ್ದೂ ನಿಜ. ಆದರೆ ಮಾವಶಿ ಆಗಲೇ ಬಾಪೂನ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದಳು.

"ಮಾವಶಿ, ಇದು ಬ್ಯಾರೆ ಹಡಗರಿ. ಹೆಸರಷ್ಟ ಒಂದ."

ರತ್ನಾಬಾಯಿ ಹಾಸಿಗೆ ಕೆಳಗಿಟ್ಟಳು. ಹಿತ್ತಲಿಗೆ ಹೋಗಿ ಬಾಯಿ ತೊಳೆದಳು, ಮತ್ತೆ ತೊಳೆದಳು. ಬಂದು ಅವನೆದುರು ಕುಳಿತಳು.

"ನಮ್ಮಂವನ ಹಡಗ ಎಷ್ಟು ದೊಡ್ಡದು? ಇನ್ನೊಮ್ಮೆ ಹೇಳು."

ಅವನು ಹೇಳಿದ. ಟನ್ನು, ಅಡಿ, ಕೋಣೆ.

"ಅಷ್ಟ ದೊಡ್ಡದು ಕಾಣದಂಗ ಹ್ಯಾಂಗ ಹೊಕ್ಕೈತೊ, ಶ್ರೀಪಾಲ?"

ಪೇಟೆಯ ತಜ್ಞ ಪತ್ರಿಕೆಯನ್ನು ಮಡಚಿಟ್ಟ.

ಅಂದೇ ಅವಳು ಬಸದಿಗೆ ಹೋಗಿ, ತಪ್ಪಿಗೆ ಬೆಲ್ಲವನ್ನೂ ಬಿಟ್ಟು, ಹೊಸದಾಗಿ ನೇಮ ಹಿಡಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಹಡಗು ಮುಳುಗಿದೆಯೆಂದು ಕಂಪನಿಯವರೇ ತಿಳಿಸಿದರು. ಇನ್ನು ನೇಮ ಬಿಡಬಹುದು, ದೋಷವಿಲ್ಲ ಎಂದರು ಬಸದಿಯ ಉಪಾಧ್ಯೇರು. ರತ್ನಾಬಾಯಿ ಅವರಿಗೆ ಕೈಮುಗಿದಳು.

"ನೆಲಕ್ಕ ಕಾಲಿಡೂ ಮಟಾ ಅಂತ ಹೇಳೇನ್ರಿ. ಇನ್ನಾ ಇಟ್ಟಿಲ್ಲಲ್ರಿ ಅಂವಾ."