ಆಟಿಯಲ್ಲಿ ನೋಡಿದ ಗಾಡಿ

ಗಂಡನನ್ನು ನೋಡಿ ಒಪ್ಪಿಕೊಳ್ಳಲು ನನಗೆ ಸಿಕ್ಕಿದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅವರ ಗಾಡಿಯನ್ನು ನೋಡಿ ಒಪ್ಪಿಕೊಳ್ಳಲು ಮಳೆಗಾಲದ ಇಡೀ ಆಟಿ ತಿಂಗಳು ಸಿಕ್ಕಿತು. ಎರಡರಲ್ಲಿಯೂ ಮೋಸ ಹೋಗಲಿಲ್ಲ ಎಂದು ಈ ಪ್ರಾಯದಲ್ಲಿ ಧೈರ್ಯವಾಗಿ ಹೇಳಬಲ್ಲೆ. ಗಾಡಿಯ ವಿಷಯದಲ್ಲಿ ಮಾತ್ರ ಸ್ವಲ್ಪದರಲ್ಲಿ ಎಡವಟ್ಟಾಗುತ್ತಿತ್ತು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಇವರು ಊರೂರು ತಿರುಗುವ ಫೋಟೋಗ್ರಾಫರ್. ದೀಪಾವಳಿ ಕಳೆಯಿತೆಂದರೆ ಕ್ಯಾಮೆರಾ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ ಎಲ್ಲವನ್ನೂ ಬಸ್ಸಿನ ಟಾಪಿಗೆ ಏರಿಸಿ ಹೊರಟವರು ಮಳೆಗಾಲ ಹಿಡಿಯುವ ಹೊತ್ತಿಗೆ ಮನೆ ಸೇರುವುದು. ಶಾಲೆಗಳ ಗುಂಪು ಫೋಟೋ, ಮದುವೆ, ದೊಡ್ಡ ಮನೆಗಳ ಹಿರಿಯರ ಫೋಟೋ, ಹೀಗೆ ಕೆಲಸಕ್ಕೆ ಬರವಿರಲಿಲ್ಲ. ನಡುವೆ ಯಾವಾಗಲಾದರೂ ಬಂದು, ಬಟ್ಟೆ ಒಗೆಸಿಕೊಂಡು, ಪುನಃ ಹೊರಡುತ್ತಿದ್ದರು. ಬಂಟ್ವಾಳದ ಹತ್ತಿರದ ನರಿಕೊಂಬಿನ ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ನಾನು. ಬೇಸಗೆಯಲ್ಲಿ ಮದುವೆಯಾಗಿ ಬಂದ ನನಗೆ ಮುಂದಿನ ದೀಪಾವಳಿ ಬರುವುದೇ ಬೇಡವಾಗಿತ್ತು.

ಬಾಯಿ ಮುಚ್ಚಿ ಕೂರುವ ಜಾಯಮಾನ ನನ್ನದಲ್ಲ. ನಾನೂ ಬರುತ್ತೇನೆ ಎಂದೆ. ಬಂದರೆ ಮಲಗುವುದೆಲ್ಲಿ ಎಂದು ಇವರು ಕೇಳಿದರು. ಇವರಿಗಾದರೆ ಶಾಲೆಯ ಜಗಲಿ ಆಗುತ್ತದೆ, ಹೋಟೆಲಿನ ಅಟ್ಟವೂ ಆಗುತ್ತದೆ. ಹೆಂಡತಿಯನ್ನು ಅಲ್ಲಿ ಮಲಗಿಸುವ ಹಾಗಿಲ್ಲ. ಅತ್ತೆಯಂತೂ ಮನೆಯ ಸೊಸೆ ಮಾರ್ಗದ ಬದಿಯಲ್ಲಿ ಬಿಡಾರ ಹೂಡುವುದು ಎಲ್ಲಿಯಾದರೂ ಉಂಟೇ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರಿಗೆ ಇದರಲ್ಲಿ ಅನುಭವವಿತ್ತು. ತೀರಿಹೋದ ಮಾವ ಪಾಣೆಮಂಗಳೂರಿನಿಂದ ಮಂಗಳೂರಿಗೆ ಸರಕಿನ ದೋಣಿ ನಡೆಸುತ್ತಿದ್ದರಂತೆ. ಅವರು ಹೊಳೆಯ ಮೇಲೆ, ಅತ್ತೆ ದಡದ ಮನೆಯಲ್ಲಿ. ಹಾಗೆಯೇ ಸಂಸಾರ ಕಳೆದಿತ್ತು.

ಆ ಹೊತ್ತಿಗೆ ಗಾಡಿಯ ಸುದ್ದಿ ಬಂತು. ಮೂಡುಬಿದಿರೆಯ ಜೈನ ಮನೆತನದ ಒಬ್ಬ ಮರದ ಕಂಟ್ರಾಕ್ಟರು ಚಾರ್ಮಾಡಿ ಘಾಟಿಯ ಬುಡದಲ್ಲಿ ಕಾಡಿನ ಕೂಪನ್ನು ಗುತ್ತಿಗೆ ಹಿಡಿದು ಮರ ಕಡಿಸುತ್ತಿದ್ದರು. ಕಾಡಿನೊಳಗೆ ಉಳಿಯಲಿಕ್ಕೆಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದನ್ನು ತಂದು, ಅದರ ಬೆನ್ನಿನ ಮೇಲೆ ಹಲಗೆಯ ಕೋಣೆ ಕಟ್ಟಿಸಿ ತಗಡಿನ ಮಾಡು ಹೊದಿಸಿದ್ದರು. ಒಳಗೆ ಮಲಗಲು ಅಗಲದ ಹಲಗೆ, ಸೀಮೆಎಣ್ಣೆ ಸ್ಟವ್ ಇಡಲು ಮೂಲೆ, ನೀರಿಗೆ ಡ್ರಮ್ಮು, ಎರಡು ಕಿಟಕಿ, ಹಿಂದಿನಿಂದ ಹತ್ತಲು ಮೆಟ್ಟಿಲು. ಬೇಕೆಂದಾಗ ನಾಲ್ಕೂ ಚಕ್ರಗಳು ಎಳೆಯುವ ಗಾಡಿ ಅದು. ಕೆಸರಿರಲಿ, ಗುಡ್ಡವಿರಲಿ, ಹೋಗುತ್ತದೆ. ಕಂಟ್ರಾಕ್ಟರಿಗೆ ಈಗ ಮೊಣಕಾಲು ನೋವು ಬಂದು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕಕ್ಕಿಂಜೆಯ ಹತ್ತಿರ, ನನ್ನ ತವರಿನ ಮಗ್ಗುಲಲ್ಲೇ ಅವರ ಮರದ ಡಿಪೋ. ಗಾಡಿ ಅಲ್ಲಿ ನಿಂತಿತ್ತು.

ಆದರೆ ಆಟಿ ಬಂದಿತ್ತು. ನಮ್ಮ ಕಡೆ ಆಟಿಯಲ್ಲಿ ಶುಭಕಾರ್ಯವಿಲ್ಲ, ಹೊಸತನ್ನು ಕೊಂಡು ಮನೆ ತುಂಬಿಸುವಂತಿಲ್ಲ. ಕೊಳ್ಳುವುದಿಲ್ಲ ಎಂದು ಇವರು, ಮಾರುವುದಿಲ್ಲ ಎಂದು ಕಂಟ್ರಾಕ್ಟರು. ಹಾಗಾದರೆ ಆಟಿ ಮುಗಿದು ಸೋಣ ತಿಂಗಳು ಹುಟ್ಟುವ ಸಂಕ್ರಮಣದವರೆಗೆ ನಿಮ್ಮಲ್ಲೇ ಇರಲಿ, ಬೇಕಾದಷ್ಟು ನೋಡಿ ಎಂದು ಕಂಟ್ರಾಕ್ಟರು ಗಾಡಿಯನ್ನು ನನ್ನ ತವರಿನ ಅಂಗಳಕ್ಕೆ ಬಿಟ್ಟುಕೊಟ್ಟರು. ಒಂದೇ ಒಂದು ಶರತ್ತು: ತನ್ನದಾಗಿರುವವರೆಗೆ ಅದರೊಳಗೆ ಮೀನು ಬೇಯಿಸಬಾರದು. ಒಪ್ಪಿದೆವು.

ಹೊಸ ಸೊಸೆ ಆಟಿಯಲ್ಲಿ ತವರಿನಲ್ಲಿ ಕೂರಬೇಕು, ಗಂಡ ಹೆಂಡತಿ ಬೇರೆ ಇರಬೇಕು ಎಂಬ ಕ್ರಮವೂ ನಮ್ಮಲ್ಲಿ ಉಂಟು. ಹಾಗಾಗಿ ನಾನು ಗಾಡಿಯಿದ್ದಲ್ಲೇ ಇದ್ದೆ. ಇವರಿಗೆ ಅಲ್ಲಿಗೆ ಬರಲು ಮುಖವಿಲ್ಲ. ಬಂದರೆ ಊರವರು ನಗುತ್ತಾರೆ. ಆದರೆ ಗಾಡಿ ನೋಡಲು ಬರುವವರನ್ನು ಕಂಡು ನಗುವಂತಿಲ್ಲವಲ್ಲ. ಆ ಆಟಿಯಲ್ಲಿ ಇವರಿಗೆ ಗಾಡಿಯ ಮೇಲೆ ಎಷ್ಟು ಸಂಶಯ ಬಂತೆಂದರೆ, ಇಂದು ಬ್ರೇಕು, ನಾಡಿದ್ದು ಸ್ಪ್ರಿಂಗು, ಆಮೇಲೆ ಬ್ಯಾಟರಿ ಎಂದು ಮಳೆಯಲ್ಲಿ ನೆನೆದುಕೊಂಡೇ ಬಂದರು. ಗಾಡಿಗೆ ಇಷ್ಟು ರೋಗ ಉಂಟಾದರೆ ಅದನ್ನು ಕೊಳ್ಳುವುದೇಕೆ ಎಂದು ನನ್ನ ಅಮ್ಮ ಮುಗ್ಧವಾಗಿ ಕೇಳಿದರು. ಇವರ ಕಿವಿ ಕೆಂಪಾಯಿತು.

ನೋಡಿದ್ದಂತೂ ಸುಳ್ಳಲ್ಲ. ಒಂದು ದಿನ ಬಿ.ಸಿ. ರೋಡಿನ ಮೆಕ್ಯಾನಿಕ್ ಒಬ್ಬರನ್ನು ಕರೆತಂದರು. ಅವರು ಗಾಡಿಯ ಅಡಿಗೆ ಚಾಪೆ ಹಾಸಿ ಮಲಗಿ, ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ತುಕ್ಕು ಮೇಲಿನದ್ದು ಮಾತ್ರ, ಒಳಗೆ ಗಟ್ಟಿ ಇದೆ ಎಂದರು. ಎಂಜಿನು ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಆಗುತ್ತದೋ ಎಂದು ನೋಡಿದರು. ಗದ್ದೆಗಿಳಿಯುವ ಕೆಸರಿನ ಇಳಿಜಾರಿನಲ್ಲಿ ಬೇಕೆಂದೇ ಗಾಡಿಯನ್ನು ಹೂತು, ಮುಂದಿನ ಚಕ್ರಗಳಿಗೂ ಬಲ ಕೊಡುವ ಲಿವರ್ ಎಳೆದಾಗ ಅದು ಗುರುಗುಟ್ಟಿಕೊಂಡು ಮೇಲೆ ಹತ್ತಿತು. ಇವರಿಗೆ ಎಷ್ಟು ಸಂತೋಷವಾಯಿತೆಂದರೆ, ಡಾಮರು ರಸ್ತೆಗೆ ಬಂದ ಮೇಲೂ ಆ ಲಿವರನ್ನು ಹಿಂದಕ್ಕೆ ಹಾಕಲು ಮರೆತು, ಸ್ಟೇರಿಂಗ್ ತಿರುಗುವುದಿಲ್ಲ ಎಂದು ಚಾರ್ಮಾಡಿ ಘಾಟಿಯ ಮೊದಲ ತಿರುವಿನಲ್ಲೇ ಬೆವರಿದರು.

ಕೋಣೆಯ ಪರೀಕ್ಷೆ ನನ್ನದು. ಸ್ಟವ್ ಹಚ್ಚಿ ಕೆಸುವಿನೆಲೆಯ ಪತ್ರೊಡೆ ಬೇಯಿಸಿದೆ. ಹೊಗೆ ಎಲ್ಲಿಂದ ಹೋಗುತ್ತದೆ, ಡ್ರಮ್ಮಿನ ನಲ್ಲಿ ಸೋರುತ್ತದೋ, ಹಲಗೆಯ ಮೇಲೆ ಕಾಲು ಚಾಚಿದರೆ ಗೋಡೆಗೆ ತಾಗುತ್ತದೋ ಎಲ್ಲ ನೋಡಿದೆ. ಇವರಿಗೆ ಮುಖ್ಯವಾಗಿ ಬೇಕಾದದ್ದು ಕತ್ತಲು. ಈ ಕೋಣೆಯಲ್ಲೇ ಫೋಟೋ ತೊಳೆಯಬೇಕೆಂಬುದು ಅವರ ಆಸೆ. ಅದಕ್ಕೆ ಹಗಲು ಹೊತ್ತಿನಲ್ಲಿ ಬಾಗಿಲು, ಕಿಟಕಿ ಮುಚ್ಚಿ ಒಳಗೆ ಕೂತು, ಬೆಳಕಿನ ಚುಕ್ಕಿ ಎಲ್ಲಿ ಕಾಣುತ್ತದೆಂದು ಹುಡುಕಬೇಕು. ಬೆಳಕು ಬರುವ ತೂತಿನಲ್ಲೇ ಮಳೆಯೂ ಬರುತ್ತದೆ, ಒಂದೇ ಸಲಕ್ಕೆ ಎರಡು ಪರೀಕ್ಷೆ ಎಂದು ಇವರು ನನಗೆ ಪಾಠ ಮಾಡಿದರು. ಹೊಸ ಗಂಡ ಹೆಂಡತಿ ಆಟಿಯಲ್ಲಿ, ನಡುಹಗಲಿನಲ್ಲಿ, ಬಾಗಿಲು ಮುಚ್ಚಿಕೊಂಡು ಬೆಳಕು ಹುಡುಕಿದೆವು. ಹೊರಗೆ ಜಗಲಿಯಲ್ಲಿ ಅಮ್ಮ ಕೆಮ್ಮಿದ್ದೇ ಕೆಮ್ಮಿದ್ದು. ತೂತುಗಳಿಗೆಲ್ಲ ಡಾಮರು ಮೆತ್ತಿದ ಮೇಲೆ, ಎಂತಹ ಜಡಿಮಳೆ ಬಂದರೂ ಒಂದು ಹನಿ ಒಳಗೆ ಬೀಳಲಿಲ್ಲ. ಆ ಸದ್ದಿನಡಿಯಲ್ಲಿ ಬೆಚ್ಚಗೆ ಕೂತು, ಇದೇ ನನ್ನ ಮನೆ ಎಂದು ನಾನು ಮನಸ್ಸಿನಲ್ಲೇ ಗೃಹಪ್ರವೇಶ ಮಾಡಿಬಿಟ್ಟೆ.

ಉಳಿದದ್ದು ಅತ್ತೆಯ ಒಪ್ಪಿಗೆ. ಅವರು ಹೂಂ ಎನ್ನದೆ ಇವರು ನನ್ನನ್ನು ಕರೆದೊಯ್ಯುವವರಲ್ಲ. ನನ್ನನ್ನು ಕರೆದೊಯ್ಯುವುದಿಲ್ಲವಾದರೆ ಈ ಗಾಡಿಯ ಅಗತ್ಯವೂ ಇಲ್ಲ. ಆಟಿಯ ಕೊನೆಯಲ್ಲಿ ಅತ್ತೆ ಬಸ್ಸು ಹಿಡಿದು ಬಂದರು. ಅಲ್ಲಿಯವರೆಗೆ ಬಿಡದೆ ಹೊಯ್ದ ಮಳೆ ಅಂದೇ ನಿಲ್ಲಬೇಕೇ? ಆಟಿಯಲ್ಲಿ ಮೋಡ ಒಡೆದು ಬರುವ ಬಿಸಿಲು ಎಂಥದ್ದೆಂದು ನಮ್ಮ ಕಡೆಯವರಿಗೆ ಗೊತ್ತು. ಅದು ಚರ್ಮ ಸುಡುತ್ತದೆ. ಅತ್ತೆ ಮೆಟ್ಟಿಲು ಹತ್ತಿ ಒಳಗೆ ಹೋಗಿ ಹಲಗೆಯ ಮೇಲೆ ಕೂತರು. ಚಹಾ ತರುತ್ತೇನೆಂದು ನಾನು ಮನೆಯೊಳಗೆ ಹೋದವಳು ಬರುವಾಗ ತಡವಾಯಿತು. ಅವರು ಕೂತಲ್ಲೇ ಇದ್ದರು. ಮೆಚ್ಚಿಕೊಂಡರೆಂದು ಹಿಗ್ಗಿದೆ. ಅವರು ಇಳಿದು ಬಂದಾಗ ನೋಡುತ್ತೇನೆ, ರವಿಕೆ ಒದ್ದೆ, ಮುಖ ಕೆಂಪು.

"ಬೇಸಗೆಯಲ್ಲಿ, ಪಗ್ಗು ತಿಂಗಳ ಬಿಸಿಲಿಗೆ ಇದರೊಳಗೆ ಮನುಷ್ಯರು ಬದುಕುವುದುಂಟಾ ಮಾರಾಯ?" ಎಂದು ಮಗನನ್ನು ಕೇಳಿದರು.

ಇವರು ತಗಡನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. ನಮ್ಮ ತಲೆಗೆ ಅದು ಹೊಳೆದೇ ಇರಲಿಲ್ಲ. ತಿಂಗಳಿಡೀ ಮಳೆಯಲ್ಲಿ ನೋಡಿದ ನಾವು ಮಳೆಗೆ ಬೇಕಾದದ್ದನ್ನು ಮಾತ್ರ ನೋಡಿದ್ದೆವು. ಗಾಡಿ ತಿರುಗಬೇಕಾದದ್ದು ಬಿಸಿಲಿನಲ್ಲಿ. ಆಟಿಯಲ್ಲದೆ ಬೇರೆ ತಿಂಗಳಾಗಿದ್ದರೆ ಒಂದೇ ದಿನದಲ್ಲಿ ಇದು ಗೊತ್ತಾಗುತ್ತಿತ್ತು, ಆದರೆ ಬೇರೆ ತಿಂಗಳಾಗಿದ್ದರೆ ನಮಗೆ ನೋಡಲು ಅಷ್ಟು ದಿನ ಸಿಗುತ್ತಲೂ ಇರಲಿಲ್ಲ. ಈ ಸೆಕೆಗೆ ಫೋಟೋ ತೊಳೆಯುವ ಮದ್ದು ಹಾಳಾಗುತ್ತದೆ, ಗಾಜಿನ ಪ್ಲೇಟಿನ ಮೇಲಿನ ಲೇಪ ಕರಗಿ ಜಾರುತ್ತದೆ ಎಂದು ಇವರು ಸಪ್ಪೆ ಮುಖದಲ್ಲಿ ಹೇಳಿದರು. ಕೊನೆಗೆ, ಬೇಡ ಬಿಡುವ, ಕಂಟ್ರಾಕ್ಟರಿಗೆ ಹಿಂದೆ ಕೊಡುವ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಎದುರು ಹೊಸ ಸೊಸೆ ಆಡಬಾರದ ಮಾತು ಬಾಯಿಂದ ಬಂದೇಬಿಟ್ಟಿತು. "ನೀವು ಬರುವ ದಿನವೇ ಬಿಸಿಲು ಬರಬೇಕಿತ್ತಾ ಅತ್ತೆ?" ಎಂದೆ. ಅಮ್ಮ ನನ್ನ ತೋಳು ಚಿವುಟಿದರು. ನನಗೆ ಅಳುವೇ ಬಂತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಗಾಡಿಗೆ ಒಂದು ಸುತ್ತು ಬಂದರು. ಮಾಡಿನ ಅಂಚನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ಹಿತ್ತಿಲಿನ ತೋಡಿನಲ್ಲಿ ನೆನೆಹಾಕಿದ್ದ ತೆಂಗಿನ ಗರಿಗಳು ಯಾರದ್ದೆಂದು ಅಮ್ಮನನ್ನು ಕೇಳಿ, ತರಿಸಿಕೊಂಡು, ಜಗಲಿಯಲ್ಲಿ ಕಾಲು ನೀಡಿ ಮಡಲು ಹೆಣೆಯಲು ಕೂತರು. ಮಾಡಿಗೆ ಹೊದಿಸುವ ಮಡಲನ್ನು ನಮ್ಮ ಕಡೆಯ ಹೆಂಗಸರೆಲ್ಲ ಹೆಣೆಯುತ್ತಾರೆ, ಆದರೆ ಅತ್ತೆಯ ಹೆಣಿಗೆ ಬೇರೆ. ಬಿಗಿಯಾಗಿ, ಬಾಗಿಸಿದರೆ ಮುರಿಯದ ಹಾಗೆ ಹೆಣೆಯುತ್ತಿದ್ದರು. ಯಾವುದಕ್ಕೆ ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ನಾನೇ ಹತ್ತಿರ ಹೋಗಿ ಒಂದು ಗರಿ ಎತ್ತಿಕೊಟ್ಟೆ.

"ದೋಣಿಯ ಮಾಡಿಗೆ ಪ್ರತಿ ವರ್ಷ ನಾನೇ ಹೆಣೆದು ಕೊಡ್ತಿದ್ದೆ" ಎಂದರು. ಕಣ್ಣು ಗರಿಯ ಮೇಲೆಯೇ ಇತ್ತು. "ಎಂಥ ಬಿಸಿಲಿಗೂ ಅದರಡಿ ತಂಪು ಅಂತ ನಿನ್ನ ಮಾವ ಹೇಳ್ತಿದ್ದರು. ನಾನು ಕೂತು ನೋಡಿದವಳಲ್ಲ. ಕರೆಯಲೂ ಇಲ್ಲ ಅವರು, ನಾನು ಕೇಳಲೂ ಇಲ್ಲ. ನೀನು ಕೇಳಿದ್ದಿ. ಹೋಗು."

ಆ ಕ್ಷಣದಲ್ಲಿ ನನಗೆ ಅತ್ತೆಯ ಮೇಲೆ ಉಕ್ಕಿ ಬಂದಷ್ಟು ಪ್ರೀತಿ ಅದುವರೆಗೆ ಇವರ ಮೇಲೂ ಬಂದಿರಲಿಲ್ಲ. ಅಲ್ಲಿಯೇ ಕೂತು ನಾನೂ ಹೆಣೆದೆ. ನನ್ನದನ್ನು ಅವರು ಬಿಚ್ಚಿ ಪುನಃ ಹೆಣೆದರು.

ಇವರು ಬಿದಿರಿನ ಚೌಕಟ್ಟು ಮಾಡಿ, ತಗಡಿನ ಮೇಲೆ ಗಾಳಿಯಾಡುವಷ್ಟು ಎಡೆ ಬಿಟ್ಟು ಮಡಲು ಕಟ್ಟಿದರು. ಮರುದಿನವೂ ಬಿಸಿಲಿತ್ತು. ಈ ಸಲ ಬಿಸಿಲು ಬರಲೆಂದು ಬೇಡಿಕೊಂಡವಳು ನಾನೇ. ಮಧ್ಯಾಹ್ನ ಮೂವರೂ ಒಳಗೆ ಹೋಗಿ ಬಾಗಿಲು ಮುಚ್ಚಿ ಕೂತೆವು. ತಂಪು ಎನ್ನುವಂತಿರಲಿಲ್ಲ, ಆದರೆ ಕೂರಬಹುದಿತ್ತು. ಮದ್ದನ್ನು ಬೆಳಗಿನ ಜಾವ ಬಳಸಿದರಾಯಿತು ಎಂದು ಇವರು ಹೇಳಿದರು. ಅಂತೂ ಗಾಡಿ ಪಾಸಾಯಿತು.

ಸೋಣದ ಮೊದಲ ದಿನ ಕಂಟ್ರಾಕ್ಟರು ಬಂದು ದುಡ್ಡು ತೆಗೆದುಕೊಂಡು ಗಾಡಿಯನ್ನು ಒಪ್ಪಿಸಿದರು. ಅದರ ತಲೆಯ ಮೇಲಿನ ಮಡಲು ನೋಡಿ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕರು. ಮೊದಲ ಕೆಲಸವನ್ನೂ ಅವರೇ ಕೊಟ್ಟರು: ಮೂಡುಬಿದಿರೆಯ ಅವರ ಮನೆಯ ಮದುವೆ. ಗಾಡಿ ನಮ್ಮದಾದ ದಿನವೇ ಬಂಗುಡೆ ಹುರಿಯಬೇಕೆಂದಿದ್ದ ನಾನು, ಜೈನರ ಮದುವೆಗೆ ಮೀನಿನ ವಾಸನೆ ಹೊತ್ತು ಹೋಗುವುದು ಹೇಗೆಂದು ಸುಮ್ಮನಾದೆ.

ಹೊರಡುವಾಗ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಅತ್ತೆಯನ್ನು ನರಿಕೊಂಬಿನಲ್ಲಿ ಇಳಿಸಿ ನಾವಿಬ್ಬರು ಮೂಡುಬಿದಿರೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೆಳ್ತಂಗಡಿ ದಾಟಿತು. ಅತ್ತೆ ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಬಂಟ್ವಾಳ ಪೇಟೆ ಬಂತು. ಮೂಡುಬಿದಿರೆಯ ದಾರಿ ಅಲ್ಲಿಂದಲೇ ಬೇರೆಯಾಗುತ್ತದೆ. ಇವರು ಮನೆಯ ಕಡೆಗೆ ತಿರುಗಿಸುವ ಹೊತ್ತಿಗೆ ಅತ್ತೆ, ನಿಲ್ಲಿಸು ಎಂದರು.

ಇಳಿದು ನಡೆದೇ ಹೋಗುತ್ತಾರೋ ಎಂದು ನನಗೆ ಗಾಬರಿಯಾಯಿತು. ಅವರ ಹಿಂದೆ ನಾನೂ ಇಳಿದೆ. ಅತ್ತೆ ಸೀದಾ ಗಾಡಿಯ ಹಿಂಬದಿಗೆ ಹೋಗಿ, ಸೆರಗು ಸಿಕ್ಕಿಸಿ, ಮೆಟ್ಟಿಲು ಹತ್ತಿ ಒಳಗೆ ಹೋದರು. ಹಲಗೆಯ ಮೇಲೆ, ಕಿಟಕಿಯ ಪಕ್ಕ, ತಾನು ಹೆಣೆದ ಮಡಲಿನಡಿ ಕೂತರು. ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದರು.

"ಅವನಿಗೆ ಹೇಳು" ಎಂದರು, "ಮೂಡುಬಿದ್ರೆಗೇ ಹೋಗುವ. ನಾನು ಇಲ್ಲಿ ಕೂರ್ತೇನೆ."

ನಾನು ಹೇಳಿ ಬಂದು ಅವರ ಪಕ್ಕದಲ್ಲಿ ಕೂತೆ. ಗಾಡಿ ಹೊರಟಿತು. ಮೂಡುಬಿದಿರೆ ಮುಟ್ಟುವವರೆಗೂ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ.