ಹಗೇವಿನ ಪಕ್ಕದ ಗುಲ್‌ಮೊಹರ್

ಹಿತ್ತಲಲ್ಲಿ ಗುಲ್‌ಮೊಹರ್ ಬೆಳೆಸಬಾರದು ಎಂದು ಈಗಲೂ ಹೇಳುವವರಿದ್ದಾರೆ. ಹೂವು ದೇವರಿಗೆ ಏರುವುದಿಲ್ಲ, ಕಾಯಿ ಬಾಯಿಗೆ ಬರುವುದಿಲ್ಲ, ಕಟ್ಟಿಗೆ ತೊಲೆಗೆ ನಿಲ್ಲುವುದಿಲ್ಲ. ಮೂರೂ ನಿಜ. ನಾನು ಬೆಳೆಸಿದೆ.

ನನ್ನ ತವರು ಲಿಂಗಸುಗೂರು. ಅಲ್ಲಿ ಹಳೆಯ ದಂಡಿನ ಬಂಗಲೆಗಳ ಮುಂದೆ ಈ ಮರಗಳಿದ್ದವು. ನೈಜಾಮನ ಆಳ್ವಿಕೆ ಮುಗಿದ ಮರುವರ್ಷ ಮಸ್ಕಿಗೆ ಸೊಸೆಯಾಗಿ ಬಂದೆ. ಮಸ್ಕಿಯ ಹಿತ್ತಲಲ್ಲಿ ಒಂದು ಗೇಣು ನೆರಳಿರಲಿಲ್ಲ. ಪಾತ್ರೆ ತಿಕ್ಕುವುದು, ಕುಳ್ಳು ತಟ್ಟುವುದು, ಜೋಳ ಹಸನು ಮಾಡುವುದು, ಎಲ್ಲವೂ ಬಿಸಿಲಲ್ಲೇ. ಮಧ್ಯಾಹ್ನವಾದರೆ ಗುಡ್ಡದ ಬಂಡೆಗಳ ಕಾವೂ ಗೋಡೆ ದಾಟಿ ಬರುತ್ತಿತ್ತು. ಮೊದಲ ಸಲ ತವರಿಗೆ ಹೋದವಳು ಸೀರೆಯ ಗಂಟಿನಲ್ಲಿ ನಾಲ್ಕು ಒಣ ಕಾಯಿ ಕಟ್ಟಿಕೊಂಡು ಬಂದೆ. ಒಂದೊಂದೂ ಮೊಳದುದ್ದ.

ಅತ್ತೆ ಅವನ್ನು ಅಲುಗಾಡಿಸಿ ನೋಡಿದರು. "ತವರು ಮನ್ಯಾಗ ಏನೂ ಕೊಡ್ಲಿಲ್ಲೇನ್ ಬೇ? ಇವನ್ನೇನು ಪಲ್ಯಾ ಮಾಡ್ತಿಯಾ?"

"ನೆರಳು ಮಾಡ್ತೀನ್ರಿ ಅತ್ತಿ," ಅಂದೆ.

ಜೋಳ ಬಿತ್ತಿದ ಹಾಗೆ ಬಿತ್ತಿದೆ. ಒಂದೂ ಏಳಲಿಲ್ಲ. ಆ ಬೀಜದ ಸಿಪ್ಪೆ ಕಲ್ಲಿನ ಹಾಗೆ. ಎರಡನೆಯ ಸಲ ಒಂದೊಂದನ್ನೇ ಒರಳಿನ ಅಂಚಿಗೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು ಒಂದು ರಾತ್ರಿ ನೆನೆಯಿಟ್ಟೆ. ಬೆಳಿಗ್ಗೆ ಉಬ್ಬಿದವನ್ನಷ್ಟೇ ನೆಟ್ಟೆ. ಎರಡು ಎದ್ದವು. ಒಂದನ್ನು ಆಡು ತಿಂದಿತು. ಉಳಿದದ್ದರ ಸುತ್ತ ಜಾಲಿಮುಳ್ಳು ಬಡಿದು, ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು ಎಲ್ಲ ಅದಕ್ಕೇ ಹಾಕಿದೆ.

ತಪ್ಪು ಮಾಡಿದ್ದು ಜಾಗದ ವಿಷಯದಲ್ಲಿ. ಹಿತ್ತಲೆಲ್ಲ ಗಟ್ಟಿ ಗರಸು, ಹಾರೆ ಹಾಕಿದರೆ ಕಿಡಿ ಏಳುವಂಥದ್ದು. ಹಗೇವಿನ ಬಾಯಿಯ ಸುತ್ತ ಮಾತ್ರ ಮಣ್ಣು ಮೆತ್ತಗಿತ್ತು. ಹಗೇವು ಎಂದರೆ ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಒಳಗೆಲ್ಲ ಕಣಿಕೆ, ಅಂದರೆ ಜೋಳದ ಒಣ ದಂಟು, ಹೊದಿಸಿ, ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಾ ವರ್ಷಾ ಅಗೆದು ಮುಚ್ಚಿದ ಮಣ್ಣು ಮೆತ್ತಗಿರದೆ ಏನು? ಅಲ್ಲಿಂದ ನಾಲ್ಕೇ ಮೊಳ ಬಿಟ್ಟು ನೆಟ್ಟಿದ್ದೆ. ಗುಲ್‌ಮೊಹರ್ ಬೇರು ಕೆಳಕ್ಕಿಂತ ಅಗಲಕ್ಕೆ ಹೋಗುತ್ತದೆ ಎಂದು ನನಗೆ ಹೇಳುವವರು ಯಾರು?

ನಾಲ್ಕನೆಯ ವರ್ಷಕ್ಕೆ ಮರ ಗೋಡೆ ದಾಟಿತು. ಆ ಬೇಸಿಗೆ ಹಗೇವು ತೆಗೆದಾಗ ಗಿಡದ ಕಡೆಯ ಕಣಿಕೆಯಲ್ಲಿ ಎಳೆ ಎಳೆಯಾಗಿ ಬೇರು ಇಳಿದಿತ್ತು. ಆ ಮಗ್ಗುಲಿನ ಜೋಳ ಕಪ್ಪಾಗಿ ಮುಗ್ಗು ವಾಸನೆ ಹೊಡೆಯುತ್ತಿತ್ತು. ಮಾವ ಒಂದು ಮುಷ್ಟಿ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನನ್ನ ಮುಂದೆ ಸುರಿದರು.

"ನಾಳೆ ಕೊಡ್ಲಿ ಹಚ್ಚಸ್ತೀನಿ."

ನನ್ನ ಯಜಮಾನರು ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುವವರು. ನನ್ನ ಪರವಾಗಿ ಕೇಳಿಕೊಳ್ಳಲು ಯಾರೂ ಇರಲಿಲ್ಲ. ಬಾಗಿಲ ಮರೆಯಿಂದ ಹೊರಗೆ ಬಂದೆ.

"ತಪ್ಪು ನಂದೈತ್ರಿ ಮಾವಾರ, ಗಿಡದ್ದಲ್ಲ. ನೆಟ್ಟಾಕಿ ನಾನು. ನಡುವ ತಗ್ಗು ತೆಗೆದು ಆ ಕಡಿ ಬೇರೆಲ್ಲಾ ಕಡೀತೀನಿ. ಕೊಡ್ಲಿ ಬ್ಯಾಡ್ರಿ."

"ಯಾರು ತೆಗೀತಾರ ತಗ್ಗು?"

"ನಾನ."

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಮರದ ಕೆಳಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. "ಒಂದು ವರ್ಷ," ಅಂದರು ಮಾವ. "ಬರೂ ವರ್ಷ ಹಗೇವಿನ್ಯಾಗ ಒಂದು ಬೇರು ಕಂಡ್ರ, ನಿನ್ನ ಮಾತು ಕೇಳಂಗಿಲ್ಲ."

ಎಂಟು ದಿನ ಅಗೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಮಟ್ಟ ತಗ್ಗು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಹಟ್ಟಿ ಗಣಿ ಇಲ್ಲೇ ಬಂತೇನವಾ? ಬಂಗಾರ ಸಿಕ್ರ ನನಗೂ ಒಂದು ಮೂಗುಬಟ್ಟು ಮಾಡಸು," ಅಂದಳು. "ನಿನ್ನ ಮೂಗು ಗ್ವಾಡಿ ಈ ಕಡೀನ ಐತೆಲ್ಲ, ಅಳತಿ ಕೊಟ್ಟು ಹೋಗು," ಅಂದೆ. ಬೇರು ಕಡಿದು, ತಗ್ಗಿಗೆ ಕಲ್ಲು ಚೂರು ತುಂಬಿದೆ. ಮರ ಎಲೆಯನ್ನೆಲ್ಲ ಉದುರಿಸಿ ಒಂದು ಕಡೆ ವಾಲಿತು. ಬಂಡಿಯ ಹಳೆಯ ಮೂಕಿಯನ್ನು ಊರೆ ಕೊಟ್ಟು ನಿಲ್ಲಿಸಿದೆ. ಮಳೆಗಾಲಕ್ಕೆ ಚಿಗುರಿತು.

ಮರುವರ್ಷ ಹಗೇವು ತೆಗೆದರು. ಒಳಗೆ ಕೆಟ್ಟ ಗಾಳಿ ಇರುತ್ತದೆಂದು ಅರ್ಧ ದಿನ ಬಾಯಿ ತೆರೆದಿಟ್ಟು, ಹಗ್ಗ ಕಟ್ಟಿ ಕಂದೀಲು ಇಳಿಸಿದರು. ದೀಪ ಆರಲಿಲ್ಲ. ಆಳುಮನುಷ್ಯ ಇಳಿದು ಜೋಳವೆಲ್ಲ ಮೇಲೆ ಕಳಿಸಿದ. ಜೋಳ ಚೆನ್ನಾಗಿಯೇ ಇತ್ತು. ಕೊನೆಗೆ ಒಳಗಿನಿಂದ ಕೂಗಿದ: "ಸಾವಕಾರ್ರ, ಬೇರೈತ್ರಿ ಒಂದು."

ಮಾವ ಎದ್ದು ನಿಂತರು.

"ನಾ ಇಳೀತೀನ್ರಿ," ಅಂದೆ.

"ಹೆಣ್ಮಕ್ಕಳು ಹಗೇವಿನ್ಯಾಗ ಇಳಿಯಂಗಿಲ್ಲ."

"ಅದ್ರಾಗಿನ ಜ್ವಾಳ ಬೀಸಾಕಿ, ರೊಟ್ಟಿ ಬಡ್ಯಾಕಿ ನಾನ. ನನ್ನ ಗಿಡದ್ದು ಹೌದೋ ಅಲ್ಲೋ ನಾನ ನೋಡ್ತೀನಿ."

ಆಳು ಮೇಲೆ ಬಂದ, ನಾನು ಇಳಿದೆ. ನನ್ನ ಗಿಡದ ಮಗ್ಗುಲನ್ನು ಕೈಯಿಂದ ಸವರಿ ನೋಡಿದೆ. ಕಣಿಕೆ ಒಣಗಿತ್ತು, ಒಂದೆಳೆಯೂ ಇಲ್ಲ. ಬೇರು ಇದ್ದದ್ದು ಎದುರಿನ ಮಗ್ಗುಲಲ್ಲಿ, ಕಿರುಬೆರಳ ದಪ್ಪ. ಒಂದು ತುಂಡು ಮುರಿದು ಕಚ್ಚಿದೆ. ನಾಲಿಗೆಯೆಲ್ಲ ಕಹಿ. ಆ ಮಗ್ಗುಲಿಗೆ ಹಿತ್ತಲ ಗೋಡೆಯಾಚೆ, ಬೀದಿಯಲ್ಲಿ, ಮಾವ ದಿನಾ ನಾಲ್ಕು ಮಂದಿ ಕೂಡಿಸಿಕೊಂಡು ಕೂರುವ ಬೇವಿನ ಕಟ್ಟೆ.

ಮೇಲೆ ಬಂದು ಬೇರನ್ನು ಅವರ ಕೈಗೆ ಕೊಟ್ಟೆ. "ಬಾಯಾಗ ಹಾಕ್ಕೊಂಡು ನೋಡ್ರಿ ಮಾವಾರ. ಕೊಡ್ಲಿ ತರಸ್ರಿ, ಬ್ಯಾಡ ಅನ್ನಂಗಿಲ್ಲ. ಯಾವ ಗಿಡದ್ದು ಬೇರೈತಿ, ಆ ಗಿಡಕ್ಕ ಹಚ್ಚಸ್ರಿ."

ಆಳುಮನುಷ್ಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಬೇರು ಕಚ್ಚಿ, ಸಾವಕಾಶ ಅಗಿದು, ಉಗಿದರು.

"ಮಾರಿ ತೊಳಕೋ ಹೋಗು, ಧೂಳಾಗೈತಿ," ಅಂದರು. ಅಷ್ಟೆ.

ಮರುದಿನ ಬೇವಿನ ಕಡೆಗೂ ಒಂದು ತಗ್ಗು ತೋಡಿಸಿದರು. ಕೊಡಲಿಯ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆಳು ಬೇವಿನ ಬೇರು ಕಡಿಯುತ್ತಿದ್ದಾಗ ನಾನು ಬಾವಿಯಿಂದ ನೀರು ತಂದು, ಮಾವ ನಿಂತಲ್ಲಿಗೆ ಕಾಣುವ ಹಾಗೆ, ನನ್ನ ಗಿಡಕ್ಕೆ ದಿನಾ ಹಾಕುವುದಕ್ಕಿಂತ ಎರಡು ಕೊಡ ಹೆಚ್ಚಿಗೆ ಹಾಕಿದೆ.